ಕೈಯಲ್ಲಿ ಮಾಡಿದ್ದಕ್ಕೆ ಬೆಲೆ ಎಷ್ಟು?



ತಿಪಟೂರಿನ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯ ಗೃಹಪ್ರವೇಶ ಹತ್ತಿರ ಬಂದಿದೆ. ಬರುವ ನಲವತ್ತು ಜನ ಹೆಂಗಸರಿಗೆ ಅರಿಸಿನ ಕುಂಕುಮದ ಜೊತೆ ಕೈಗೆ ಏನಾದರೂ ಕೊಡಬೇಕು. "ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ ಇಟ್ಟು ಇಟ್ಟು ಎಲ್ಲರ ಮನೆಯ ಅಟ್ಟವೂ ತುಂಬಿದೆ. ನೀವಿರುವ ಜಯನಗರ, ಬನಶಂಕರಿ ಕಡೆ ಕೈಕಸುಬಿನ ಸಾಮಾನು ಮಾರುವ ಅಂಗಡಿಗಳಿವೆಯಂತೆ. ಆದರೆ ಅಲ್ಲಿ ಎಲ್ಲವೂ ದುಬಾರಿ, ಸುಮ್ಮನೆ ಹೆಸರಿಗೆ ದುಡ್ಡು ಅಂತ ನಮ್ಮತ್ತೆ ಹೇಳುತ್ತಾರೆ. ನಿಜವೇ?" ಎಂದು ಕೇಳಿದ್ದಾರೆ.

ಅತ್ತೆಯವರ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಹೆಸರಿಗೆ ದುಡ್ಡು ಕೀಳುವ ಅಂಗಡಿಗಳೂ ಇವೆ. ಗಾಜಿನ ಬಾಗಿಲು, ಒಳಗೆ ಊದುಬತ್ತಿಯ ಘಮ, ಒಂದು ಮಣ್ಣಿನ ಹಣತೆಗೆ ನಾವು ಉಸಿರು ಹಿಡಿದು ಓದುವಷ್ಟು ಬೆಲೆ. ಇದನ್ನು ಮಾಡಿದವರು ಯಾರು, ಯಾವೂರಿನವರು ಅಂತ ಕೇಳಿದರೆ ಮಾರುವ ಹುಡುಗನಿಗೆ ಗೊತ್ತಿರುವುದಿಲ್ಲ. ಅಂಥ ಕಡೆಯಿಂದ ನೀವು ಬರಿಗೈಯಲ್ಲಿ ಬಂದರೆ ನನಗೇನೂ ಬೇಸರವಿಲ್ಲ. ಆದರೆ ದುಬಾರಿ ಅನ್ನುವ ಮಾತನ್ನು ಎಲ್ಲ ಅಂಗಡಿಗೂ ಒಂದೇ ಸಮ ಅನ್ನಬೇಡಿ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮ ಬೀದಿಯಲ್ಲಿ ಧಾರವಾಡದ ಕಡೆಯ ಹೆಂಗಸೊಬ್ಬರಿದ್ದಾರೆ. ಕಸೂತಿಯಲ್ಲಿ ಅವರದು ಎತ್ತಿದ ಕೈ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ ತಾಯಿಯಿಂದ ಬಂದದ್ದು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಕೊಂಡೇ ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆ ಎಲ್ಲಾ ಮೂಡಿಸುತ್ತಾರೆ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಸೊಟ್ಟ, ಬಿಚ್ಚಿ ಮತ್ತೆ ಹಾಕಬೇಕು. ಹಿಂದೆ ಅವರ ಕಡೆ ಮದುಮಗಳ ಚಂದ್ರಕಾಳಿ ಸೀರೆಗೆ ಹೀಗೆ ಕಸೂತಿ ಹಾಕುತ್ತಿದ್ದರಂತೆ.

ಒಂದು ಸಲ ಅವರು ಒಂದು ರವಿಕೆ ಕಣವನ್ನು ಅಂಗಡಿಯೊಂದಕ್ಕೆ ಕೊಡಲು ಹೊರಟಾಗ ಜೊತೆಗೆ ನನ್ನನ್ನೂ ಕರೆದರು. ಅಂಗಡಿ ನಡೆಸುವಾಕೆ ವಯಸ್ಸಾದವರು. ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡಿ, ಎಷ್ಟು ಕೊಡಲಿ ಅಂದರು. ಇವರು, "ಏಳ್ನೂರು ಕೊಟ್ರ ಸಾಕ್ರಿ" ಅಂದರು. ಬಟ್ಟೆ, ರೇಷ್ಮೆ ದಾರ ಸೇರಿ 300 ರೂಪಾಯಿ ಅವರ ಕೈಯಿಂದಲೇ ಹೋಗಿತ್ತು.

"ಎಷ್ಟು ಹೊತ್ತು ಕೂತಿದ್ದಿರಮ್ಮ ಇದಕ್ಕೆ?"

"ದಿನಾ ಮಧ್ಯಾಹ್ನ ಮೂರು ತಾಸಿನ್ಯಾಗ ಹಾಕೀನ್ರಿ. ಹನ್ನೆರಡು ದಿನ ಆತು. ಅದನ್ನೇನ ಎಣಸೂದ್ರಿ, ಮನ್ಯಾಗ ಕುಂತು ಮಾಡಿದ್ದು."

ಆಕೆ ಬಿಲ್ಲಿನ ಪುಸ್ತಕದ ಹಿಂದೆ ಲೆಕ್ಕ ಬರೆದು ತೋರಿಸಿದರು. 12 ದಿನ, ದಿನಕ್ಕೆ 3 ಗಂಟೆ, ಒಟ್ಟು 36 ಗಂಟೆ. 700ರಲ್ಲಿ 300 ಕಳೆದರೆ ಉಳಿದದ್ದು 400. ಗಂಟೆಗೆ 11 ರೂಪಾಯಿ. ನಮ್ಮ ಬಡಾವಣೆಯ ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದು ಕಾಫಿಯೂ ಆ ದುಡ್ಡಿಗೆ ಬರುವುದಿಲ್ಲ. ಆಕೆ ಗಂಟೆಗೆ 50ರಂತೆ ಹಿಡಿದು 2,100 ಬರೆದರು. ಅದಕ್ಕೆ ಅಂಗಡಿಯ ಬಾಡಿಗೆ, ದೀಪ, ಮಾರುವ ಹುಡುಗಿಯ ಸಂಬಳ ಎಲ್ಲಾ ಸೇರಿ ಚೀಟಿಯ ಮೇಲೆ 2,800 ಆಯಿತು.

ಈಗ ಹೇಳಿ. ಈ ಚೀಟಿಯನ್ನು ನೋಡಿದ ನಾವು ನೀವು, "ಅಬ್ಬಾ, ಒಂದು ರವಿಕೆ ಕಣಕ್ಕೆ ಇಷ್ಟೇ!" ಅನ್ನುತ್ತೇವೆಯೇ? ಮೂಗಿನ ಮೇಲೆ ಬೆರಳಿಡುತ್ತೇವೆ. ಗಂಟೆಗೆ 50 ರೂಪಾಯಿ ಅಂದರೆ ದೊಡ್ಡ ಸಂಪಾದನೆಯೇನಲ್ಲ, ಮನೆಕೆಲಸಕ್ಕೆ ಬರುವವರೂ ನಮ್ಮ ಕಡೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ ಅಂತ ನಮಗೆ ನಾವೇ ಹೇಳಿಕೊಂಡು ಬಂದಿದ್ದೇವೆ. ಹಪ್ಪಳ ಸಂಡಿಗೆ ಒತ್ತಿದ್ದಕ್ಕೆ, ಸ್ವೆಟರ್ ಹೆಣೆದದ್ದಕ್ಕೆ, ಯಾವುದಕ್ಕೂ ನಾವು ಗಂಟೆ ಎಣಿಸಿದವರಲ್ಲ. ನಮ್ಮ ಕೈಗೆ ನಾವೇ ಬೆಲೆ ಕಟ್ಟದ ಮೇಲೆ ಇನ್ನೊಬ್ಬ ಹೆಂಗಸಿನ ಕೈಕೆಲಸ ನೋಡಿದಾಗ ದುಬಾರಿ ಅನ್ನಿಸದೆ ಇನ್ನೇನು?

ಇದು ಬರೀ ನಮ್ಮ ಬೀದಿಯ ಕಥೆಯಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ನೀನಾಸಂ ಇರುವ ಹೆಗ್ಗೋಡು ನಿಮಗೆ ಗೊತ್ತು. ಅದರ ಪಕ್ಕದ ಭೀಮನಕೋಣೆಯಲ್ಲಿ 1996ರಲ್ಲಿ ರಂಗನಿರ್ದೇಶಕ ಪ್ರಸನ್ನ ಅವರು ಮುಂದೆ ನಿಂತು 'ಚರಕ' ಎಂಬ ಮಹಿಳಾ ಸಹಕಾರ ಸಂಘ ಕಟ್ಟಿದರು. ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ, ಮಗ್ಗದಲ್ಲಿ ನೇಯುತ್ತಾರೆ, ಹೊಲಿಯುತ್ತಾರೆ. ಬಣ್ಣವೂ ನಮ್ಮ ಅಡುಗೆಮನೆ ಹಿತ್ತಲಿನದೇ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಇದೆಯಲ್ಲ, ಅದರಿಂದ ಕೆಂಪು ಕಂದು. ದಾಳಿಂಬೆ ಸಿಪ್ಪೆಯಿಂದ ಹಳದಿ. ನೀಲಿ ಗಿಡದಿಂದ ನೀಲಿ. ಅಳಲೆಕಾಯಿ, ಪಟಿಕ ಹಾಕಿ ಬಣ್ಣ ಬಟ್ಟೆಗೆ ಕಚ್ಚುವ ಹಾಗೆ ಮಾಡುತ್ತಾರೆ. ಚೊಗರಿನ ಕಲೆ ಸೀರೆಗೆ ಬಿದ್ದರೆ ಹೋಗುವುದಿಲ್ಲ ಅಂತ ನಮ್ಮಜ್ಜಿ ಬಯ್ಯುತ್ತಿದ್ದರು. ಹೋಗದೇ ಇರುವುದನ್ನೇ ಇವರು ಬಣ್ಣ ಮಾಡಿಕೊಂಡರು ನೋಡಿ!

ಆ ಬಟ್ಟೆ ಮಾರಲೆಂದೇ 'ದೇಸಿ' ಎಂಬ ಅಂಗಡಿಗಳು ಹುಟ್ಟಿದವು. ನಮ್ಮ ಸೌತ್ ಎಂಡ್ ಸರ್ಕಲ್ ಹತ್ತಿರ ಪಟಾಲಮ್ಮನ ಗುಡಿ ಬೀದಿಯಲ್ಲಿ ನಾನು ಮೊದಲ ಸಲ ಜುಬ್ಬ ಕೊಂಡದ್ದು ಅಂಥದೇ ಅಂಗಡಿಯಲ್ಲಿ. ನಮ್ಮ ಯಜಮಾನರು, "ಇಷ್ಟು ಮಂಕು ಬಣ್ಣವೇ?" ಅಂತ ಮುಖ ಸಿಂಡರಿಸಿದರು. ಆಮೇಲೆ ಬೇಸಿಗೆ ಬಂದಾಗ ಅದನ್ನು ಮೈಯಿಂದ ಬಿಡಿಸುವುದೇ ಕಷ್ಟವಾಯಿತು.

ಇಂಥ ಅಂಗಡಿ ಹಳ್ಳಿಯ ಮಗ್ಗಕ್ಕೂ ನಮ್ಮ ಮನೆಯ ಬೀರುವಿಗೂ ನಡುವೆ ಇರುವ ಒಂದು ಕಾಲುಸಂಕ. ಸಂಕ ಮುರಿದರೆ ಏನಾಗುತ್ತದೆ ಅನ್ನುವುದು 2020ರಲ್ಲಿ ಗೊತ್ತಾಯಿತು. ಅದಕ್ಕೆ ಮೊದಲೇ ಕಷ್ಟ ಶುರುವಾಗಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಕೈಯಿಂದ ಮಾಡಿದ ವಸ್ತುವಿಗೆ ತೆರಿಗೆಯೇ ಬೇಡ ಅಂತ ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕೂತರು. ಆಮೇಲೆ ಕೊರೋನಾ. ಅಂಗಡಿಗಳು ಮುಚ್ಚಿದವು, ನೇಯ್ದ ಬಟ್ಟೆ ಗಂಟು ಕಟ್ಟಿ ಹಾಗೇ ಉಳಿಯಿತು. ಕೊನೆಗೆ ಚರಕ ಸಂಸ್ಥೆ ತಾನು ದಿವಾಳಿಯಾಗಿದೆ ಎಂದು ತಾನೇ ಸಾರಿತು. ಪತ್ರಿಕೆಯಲ್ಲಿ ಓದಿ ನನಗೆ ಊಟ ಸೇರಲಿಲ್ಲ. ಗಂಡಸರು ನಡೆಸುವ ಕಾರ್ಖಾನೆ ಮುಚ್ಚಿದರೆ ಆ ಕೆಲಸಗಾರರು ಇನ್ನೊಂದೂರಿಗೆ ಹೋಗಿಯಾರು. ಮಕ್ಕಳು, ಕೊಟ್ಟಿಗೆ, ವಯಸ್ಸಾದ ಅತ್ತೆ ಮಾವ ಎಲ್ಲ ಬಿಟ್ಟು ಭೀಮನಕೋಣೆಯ ಹೆಂಗಸು ಎಲ್ಲಿಗೆ ಹೋಗಬೇಕು? ನಾಡಿನ ಜನ ಸುಮ್ಮನಿರಲಿಲ್ಲ, ಮತ್ತೆ ಮಗ್ಗದ ಸದ್ದು ಕೇಳಿಸಿತು ಅನ್ನುವುದೇ ಸಮಾಧಾನ.

ಅದೇ 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರದ್ದು ಮಾಡಿತು. ಆ ಮಂಡಳಿ 1952ರದು, ಅದರ ಮುಂದಾಳಾಗಿದ್ದವರು ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡರು. ದೇಶದ ಮೂಲೆಮೂಲೆ ತಿರುಗಿ ಕುಂಬಾರರು, ನೇಕಾರರು, ಗೊಂಬೆ ಮಾಡುವವರನ್ನು ಹುಡುಕಿ, ಅವರ ಸಾಮಾನಿಗೆ ಪೇಟೆಯಲ್ಲಿ ಜಾಗ ಮಾಡಿಕೊಟ್ಟವರು. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ರಾಜ್ಯದಲ್ಲೂ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಆರಂಭವಾಗಿ 'ಕಾವೇರಿ' ಮಳಿಗೆಗಳು ಬಂದವು. ಗಂಧದ ಕೆತ್ತನೆ, ಬೀಟೆ ಮರದ ಕುಸುರಿ, ಬಿದರಿ, ಗೊಂಬೆ ಎಲ್ಲವನ್ನೂ ಒಂದೇ ಸೂರಿನಡಿ ನೋಡಬೇಕಾದರೆ ಅಲ್ಲಿಗೆ ಹೋಗಬಹುದು. ಕೊಳ್ಳದಿದ್ದರೂ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ, ಯಾರೂ ಬೇಡ ಅನ್ನುವುದಿಲ್ಲ. ಜನವರಿಯಲ್ಲಿ ಬೆಂಗಳೂರಿಗೆ ಬರುವುದಾದರೆ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯೂ ಇದೆ. ಬಿಡಿಸಿದವರೇ ಎದುರಿಗೆ ನಿಂತು ಚಿತ್ರ ಮಾರುತ್ತಾರೆ. ನಡೆದು ನಡೆದು ಕಾಲು ನೋಯುತ್ತದೆ, ನೀರಿನ ಬಾಟಲಿ ಮರೆಯಬೇಡಿ.

ಸರಿ, ತಿಪಟೂರಿನ ಸೋದರಿಯ ನಲವತ್ತು ಉಡುಗೊರೆಗೆ ಬರೋಣ. ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದರೆ ರೇಷ್ಮೆ ಸಂಸ್ಥೆಯ ಕಡೆ ಹೋಗುವ ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ. ಸೌತ್ ಎಂಡ್ ಸರ್ಕಲ್, ಜಯನಗರ, ಬನಶಂಕರಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ, ಆಟೋದವರ ಹತ್ತಿರ ಗುದ್ದಾಡುವ ಕೆಲಸವಿಲ್ಲ. ನಲವತ್ತು ಜನಕ್ಕೆ ಕಸೂತಿಯ ಕಣ ಕೊಡಿ ಅಂತ ನಾನು ಹೇಳುವುದಿಲ್ಲ, ಮನೆ ಕಟ್ಟಿದವರ ಕಷ್ಟ ನನಗೂ ಗೊತ್ತು. ಚನ್ನಪಟ್ಟಣದ ಕುಂಕುಮದ ಭರಣಿ ಕೊಡಿ. ಪುಟ್ಟದು, ಕೈಯಲ್ಲಿ ಹಿಡಿಯಲು ಚೆಂದ, ದೇವರ ಮನೆಯಲ್ಲಿ ದಿನಾ ಕೆಲಸಕ್ಕೆ ಬರುತ್ತದೆ, ಅಟ್ಟಕ್ಕಂತೂ ಹೋಗುವುದಿಲ್ಲ. ನಿಮ್ಮ ಸ್ಟೀಲ್ ಡಬ್ಬಿಯ ಬೆಲೆಯ ಆಸುಪಾಸಿನಲ್ಲೇ ಆದೀತು. ಮನೆಯ ಹಿರಿಯರಿಬ್ಬರಿಗೆ ಮಾತ್ರ ಸ್ವಲ್ಪ ಹೆಚ್ಚಿನದು, ಒಂದು ಕೈಮಗ್ಗದ ಪಂಚೆ, ಒಂದು ಸೀರೆ ಕೊಳ್ಳಿ. ಬಹಳಷ್ಟು ಕರಕುಶಲ ವಸ್ತುಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರಿನಲ್ಲಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಮತ್ತೊಂದು ಮಾತು. ನಲವತ್ತು ಭರಣಿ ಒಂದೇ ಬಣ್ಣದಲ್ಲಿ ಬೇಕು ಅಂತ ಹಟ ಹಿಡಿಯಬೇಡಿ. ಹಾಗೆ ಬೇಕೇ ಬೇಕಾದರೆ ಮೂರು ವಾರ ಮೊದಲೇ ಹೇಳಿಡಿ. ಮಾಡುವುದು ಕೈ, ಅಚ್ಚಲ್ಲ.

ಕೊಳ್ಳುವಾಗ ಹೇಗೆ ನೋಡಬೇಕು ಅಂತ ಕೇಳುವಿರಿ. ಚನ್ನಪಟ್ಟಣದ ಸಾಮಾನು ಹುಟ್ಟುವುದು ತಿರುಗಣೆಯ ಮೇಲೆ. ಅಲ್ಲಿನವರು ಆಲೆ ಮರ ಅನ್ನುವ ಬೆಳ್ಳನೆಯ ಮರದ ತುಂಡು ಗಿರಗಿರ ತಿರುಗುತ್ತಿರುವಾಗ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕೇದಿಗೆ ಜಾತಿಯ ಒಣ ಎಲೆ ಹಿಡಿದರೆ ಹೊಳಪು ಬರುತ್ತದೆ. ಆದ್ದರಿಂದ ಒಳ್ಳೆಯ ಭರಣಿಯಲ್ಲಿ ಕುಂಚದ ಗೆರೆ ಕಾಣಬಾರದು, ಬಣ್ಣ ಉಂಗುರದ ಹಾಗೆ ಸುತ್ತ ಸಮನಾಗಿರಬೇಕು, ಪೇಂಟಿನ ವಾಸನೆ ಇರಬಾರದು. ಮುಚ್ಚಳ ತಿರುಗಿಸಿ ನೋಡಿ, ಬಿಗಿಯೂ ಅಲ್ಲ ಸಡಿಲವೂ ಅಲ್ಲ ಅನ್ನುವ ಹಾಗೆ ಕೂರಬೇಕು. ಮನೆಗೆ ತಂದ ಮೇಲೆ ನೀರಿನಲ್ಲಿ ನೆನೆಹಾಕಬೇಡಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಸೂತಿಯಾದರೆ ಮೊದಲು ಹಿಂಭಾಗ ನೋಡಿ. ಕೈಯಲ್ಲಿ ಹಾಕಿದ ಗವಂತಿ, ಮುರ್ಗಿಗೆ ಎರಡು ಕಡೆಯೂ ಒಂದೇ ರೂಪ, ಗಂಟು ಇರುವುದಿಲ್ಲ. ಯಂತ್ರದ್ದಾದರೆ ಹಿಂದೆ ಬೇರೆ ದಾರ, ಕೆಲವಕ್ಕೆ ಕಾಗದದಂಥ ಅಸ್ತರಿ. ಸಹಜ ಬಣ್ಣದ ಕೈಮಗ್ಗದ ಬಟ್ಟೆಯನ್ನು ಮೊದಲ ಮೂರು ನಾಲ್ಕು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಿರಿ, ಅಂಟುವಾಳದ ನೀರಾದರೆ ಇನ್ನೂ ಒಳ್ಳೆಯದು. ನೆರಳಿನಲ್ಲಿ ಒಣಗಿಸಿ.

ಬಿದರಿ ಮಾತ್ರ ಹುಷಾರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದನ್ನು ಕಪ್ಪಾಗಿಸುತ್ತಾರೆ. ಆ ಕಪ್ಪೇ ಅದರ ಜೀವ, ಬೆಳ್ಳಿ ಎದ್ದು ಕಾಣುವುದೇ ಅದರಿಂದ. ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿಬಿಟ್ಟೀರಿ ಜೋಕೆ! ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚನ್ನಪಟ್ಟಣದ ಗೊಂಬೆ, ಬಿದರಿ, ಕಸೂತಿ, ಕೊಪ್ಪಳದ ಕಿನ್ನಾಳದ ಗೊಂಬೆ, ಹೆಂಗಸರೇ ನೇಯುವ ನವಲಗುಂದದ ಜಮಖಾನ, ಇವಕ್ಕೆಲ್ಲ ಜಿಐ ಅಂದರೆ ಊರಿನ ಹೆಸರಿನ ಗುರುತು ಸಿಕ್ಕಿದೆ. ಅಂಗಡಿಯಲ್ಲಿ ಆ ಗುರುತಿನ ಚೀಟಿ ಇದೆಯಾ ಅಂತ ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಚೌಕಾಸಿ ಮಾಡಬಹುದಾ? ಸೊಪ್ಪಿನವಳ ಹತ್ತಿರವೇ ಬಿಡದವರು ನಾವು! ಸಂಘದ ಅಂಗಡಿಗಳಲ್ಲಿ ಚೀಟಿಯ ಬೆಲೆಯೇ ಬೆಲೆ, ಕೇಳಿ ಪ್ರಯೋಜನವಿಲ್ಲ. ಬೇರೆ ಕಡೆಯಾದರೆ ನಲವತ್ತು ಕೊಳ್ಳುತ್ತೇನೆ, ಏನು ಬಿಡುತ್ತೀರಿ ಅಂತ ಕೇಳಿ, ತಪ್ಪಿಲ್ಲ. ಆದರೆ ಮಾಡಿದವರೇ ಎದುರಿಗೆ ಕೂತು ಮಾರುತ್ತಿದ್ದರೆ ಅರ್ಧಕ್ಕೆ ಕೇಳಬೇಡಿ. ಹಾಗೆಯೇ ಕನಿಕರಕ್ಕೂ ಕೊಳ್ಳಬೇಡಿ. ಸೊಟ್ಟ ಹೊಲಿಗೆ, ಬಣ್ಣ ಬಿಡುವ ಬಟ್ಟೆಯನ್ನು ಪಾಪ ಅಂತ ಕೊಂಡರೆ ಆಕೆ ಮುಂದಿನದನ್ನೂ ಹಾಗೇ ಮಾಡುತ್ತಾಳೆ. ಇಲ್ಲಿ ಸೊಟ್ಟಗಿದೆಯಮ್ಮ, ಸರಿಮಾಡಿ ಕೊಡಿ, ಕೊಳ್ಳುತ್ತೇನೆ ಅಂತ ಹೇಳುವುದೇ ಮರ್ಯಾದೆ.

ಇನ್ನು ನಿಮ್ಮಲ್ಲೇ ಕೈಕೆಲಸ ಬಲ್ಲವರು ಬಹಳ ಮಂದಿ ಇದ್ದೀರಿ, ಪತ್ರಗಳಿಂದ ನನಗೆ ಗೊತ್ತು. ಕ್ರೋಶ, ಮಣಿಯ ಹೆಣಿಗೆ, ಕೌದಿ, ರಂಗೋಲಿಯ ಹಲಗೆ. ಅಂಗಡಿಗೆ ಕೊಡುವ ಮನಸ್ಸಿದ್ದರೆ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಕೆಲವು ಅಂಗಡಿಯವರು ಸಾಮಾನನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹೆಚ್ಚಿನವರು ಇಟ್ಟುಹೋಗಿ, ಮಾರಾಟವಾದ ಮೇಲೆ ದುಡ್ಡು ಅನ್ನುತ್ತಾರೆ. ಎರಡನೆಯದು ಮೋಸವೇನಲ್ಲ, ಸಣ್ಣ ಅಂಗಡಿಗೆ ಎಲ್ಲವನ್ನೂ ಕೊಂಡಿಡುವ ಶಕ್ತಿ ಇರುವುದಿಲ್ಲ. ಆದರೆ ಬಾಯಿಮಾತಿನಲ್ಲಿ ಬಿಟ್ಟು ಬರಬೇಡಿ. ನಮ್ಮ ಧಾರವಾಡದ ಗೆಳತಿ ಆ ರವಿಕೆ ಕಣಕ್ಕೆ ಮೊದಲು, ಬೇರೊಂದು ಅಂಗಡಿಗೆ ಆರು ಮೇಜುವಸ್ತ್ರ ಕೊಟ್ಟಿದ್ದರು. ಎಂಟು ತಿಂಗಳು ಸದ್ದಿಲ್ಲ. ಕೇಳಲು ಹೋದರೆ, "ಹೋಗಿಲ್ಲ, ತಗೊಂಡು ಹೋಗಿ" ಅಂತ ಐದನ್ನು ಕೈಗಿಟ್ಟರು. ಬಿಸಿಲಿನ ಗಾಜಿನ ಹಿಂದೆ ಇಟ್ಟು ಮಡಿಕೆಯ ಸಾಲಿಗೆ ಬಣ್ಣ ಹೋಗಿತ್ತು. ಆರನೆಯದರ ಲೆಕ್ಕ ಇವತ್ತಿಗೂ ಇಲ್ಲ. ಆಕೆ ಅಳಲಿಲ್ಲ, ಬಸ್ಸಿನಲ್ಲಿ ಒಂದೂ ಮಾತಾಡಲಿಲ್ಲ. ಮುಂದೆ ನಾಲ್ಕು ತಿಂಗಳು ಸೂಜಿ ಮುಟ್ಟಲಿಲ್ಲ.

ಆದ್ದರಿಂದ ಕೊಡುವ ಮೊದಲು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಎಷ್ಟು ಸಾಮಾನು, ನಿಮಗೆ ಬರಬೇಕಾದ ಹಣ ಎಷ್ಟು, ಎಷ್ಟು ದಿನ ಇಡುತ್ತಾರೆ, ಹಾಳಾದರೆ ಕಳೆದರೆ ಯಾರ ಹೊಣೆ. ಕೆಳಗೆ ಇಬ್ಬರ ಸಹಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮಕ್ಕಳ ಮೊಬೈಲಿನಲ್ಲಾದರೂ ಸರಿ. ಮೊದಲ ಸಲ ಎರಡು ಮೂರಕ್ಕಿಂತ ಹೆಚ್ಚು ಕೊಡಬೇಡಿ. ತಿಂಗಳಿಗೊಮ್ಮೆ ಹೋಗಿ ಅಥವಾ ಫೋನ್ ಮಾಡಿ ವಿಚಾರಿಸಿ, ಸಂಕೋಚ ಪಡಬೇಡಿ, ಅದು ನಿಮ್ಮ ದುಡ್ಡು. ಒಂದು ನೋಟುಪುಸ್ತಕದಲ್ಲಿ ದಾರಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಕೂತದ್ದು ಎಷ್ಟು ಗಂಟೆ ಅಂತ ಬರೆಯುತ್ತಾ ಬನ್ನಿ. ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವಲ್ಲ.

ನಮ್ಮ ಗೆಳತಿಯ ರವಿಕೆ ಕಣ ಎರಡೂವರೆ ತಿಂಗಳು ಕಾದು ಹೋಯಿತು. ಅಂಗಡಿಯಾಕೆ ಮಾರನೆಯ ದಿನವೇ 2,100 ರೂಪಾಯಿಯನ್ನು ಬ್ಯಾಂಕಿಗೆ ಹಾಕಿ ಫೋನ್ ಮಾಡಿದರು. ಕೊಂಡವರಿಗೆ ಅದೇ ಥರದ್ದು ಇನ್ನೊಂದು ಬೇಕಂತೆ, ತೊಟ್ಟಿಲಿನ ಬದಲು ತೇರು ಹಾಕಿಕೊಡಬೇಕಂತೆ. ಈಗ ಮಧ್ಯಾಹ್ನ ಅವರ ಮನೆಗೆ ಹೋದರೆ ಮೊದಲು ಗಡಿಯಾರ ನೋಡಿ, ನೋಟುಪುಸ್ತಕದಲ್ಲಿ ಬರೆದು, ಆಮೇಲೆ ಸೂಜಿ ಹಿಡಿಯುತ್ತಾರೆ. ನಾನು ಹೋದಾಗ ಮಾತಿಗೆ ಕೂತ ಅರ್ಧ ಗಂಟೆಯನ್ನು ಮಾತ್ರ ಕಳೆದು ಬರೆಯುತ್ತಾರಂತೆ!